ಎಸ್ಪೊಸಿಟೊ

ಪಿಜ್ಜಾ ಬರೋ ತನಕ ಸುಮ್ನೆ ಮೆನು ಓದ್ತಾ ಕೂತಿದ್ದೆ. ಮಾರ್ಗರಿಟಾ ಕೆಳಗೆ ಸಣ್ಣಕ್ಷರದಲ್ಲಿ ಅದರ ಕಥೆ: 1889, ಇಟಲಿಯ ನೇಪಲ್ಸ್, ಪಿಜ್ಜಾ ಮಾಡೋ ರಫೇಲ್ ಎಸ್ಪೊಸಿಟೊ. ಇಟಲಿಯ ರಾಣಿ ಮಾರ್ಗರಿಟಾಗಾಗಿ ಮಾಡಿದ್ದು ಅನ್ನೋದು ಎಷ್ಟು ನಿಜವೋ, ನಾನು ಸಿಕ್ಕಿಹಾಕಿಕೊಂಡಿದ್ದು ಆ ಸರ್‌ನೇಮ್‌ನಲ್ಲಿ.

ಎಸ್ಪೊಸಿಟೊ ಅಂದ್ರೆ ಹೊರಗೆ ಬಿಟ್ಟ ಮಗು.

ನೇಪಲ್ಸಿನ ಅನ್ನುಂಜಿಯಾಟಾ ಅನ್ನೋ ಚರ್ಚಿನ ಅನಾಥಾಲಯದ ಗೋಡೆಯಲ್ಲಿ ಒಂದು ಕಿಂಡಿ ಇತ್ತು, ಅದರೊಳಗೆ ತಿರುಗುವ ಮರದ ಪೀಪಾಯಿ, ಸಾಕೋಕಾಗದವರು ಬೀದಿ ಕಡೆಯಿಂದ ಕೂಸನ್ನು ಅದರಲ್ಲಿ ಮಲಗಿಸಿ ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಕಾಣುತ್ತಿರಲಿಲ್ಲ. ಅಪ್ಪನ ಹೆಸರಿಲ್ಲದ ಆ ಮಕ್ಕಳಿಗೆ ಬರೆದದ್ದು ಈ ಹೆಸರು. 1875ರಲ್ಲಿ ಆ ಪೀಪಾಯಿ ನಿಲ್ಲಿಸಿದರು.

ಇವತ್ತು ನೇಪಲ್ಸ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ಸರ್‌ನೇಮ್ ಇದೇ ಅಂತೆ. ಎಷ್ಟು ಕೂಸುಗಳಿರಬೇಕು ಅಲ್ವಾ?

ಫೋಟೋ ಹುಡುಕಿ ನೋಡಿದೆ. ಕಿಂಡಿ ಇನ್ನೂ ಇದೆ, ಚಿಕ್ಕದು. ಅಷ್ಟರಲ್ಲಿ ಪಿಜ್ಜಾ ಬಂದು ಆರಿಯೂ ಹೋಗಿತ್ತು.