ಬಾದಾಮಿಯ ಮರಳುಗಲ್ಲಿಗೆ ವಯಸ್ಸೆಷ್ಟು?

ಬಾದಾಮಿಯ ಮೂರನೆಯ ಗುಹೆಯ ಕಾಲವನ್ನು ಮಂಗಳೇಶನ ಶಾಸನವೇ ಹೇಳುತ್ತದೆ: ಕ್ರಿ.ಶ. 578. ಆದರೆ ಶಿಲ್ಪಿಗಳು ಕೊರೆದ ಆ ಕೆಂಪು ಮರಳುಗಲ್ಲು ಯಾವ ಕಾಲದ್ದೆಂಬ ಪ್ರಶ್ನೆ ಬಾಗಲಕೋಟೆ ಜಿಲ್ಲೆಯವನಾದ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಚಿಪ್ಪುಳ್ಳ ಜೀವಿಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪದರಗಟ್ಟಿದ ಕಲ್ಲಾದ್ದರಿಂದ ಪಳೆಯುಳಿಕೆಗಳನ್ನು ನೋಡಿ ಅದರ ಕಾಲವನ್ನು ಗುರುತಿಸಲಾಗದು, ಖನಿಜಗಳನ್ನೇ ಕೇಳಬೇಕು.

ಮರಳುಗಲ್ಲಿನಲ್ಲಿ ಸಿಗುವ ಜಿರ್ಕಾನ್ ಹರಳು ಇದಕ್ಕೆ ಮೊದಲ ಸಾಕ್ಷಿ. ಶಿಲಾಪಾಕದಲ್ಲಿ, ಅಂದರೆ ಭೂಮಿಯೊಳಗಿನ ಕರಗಿದ ಕಲ್ಲಿನಲ್ಲಿ, ಹರಳುಗಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಂಡು ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಂ-238 ಸುಮಾರು 447 ಕೋಟಿ ವರ್ಷಗಳ ಅರ್ಧಾಯುಷ್ಯದಿಂದಲೂ ಯುರೇನಿಯಂ-235 ಸುಮಾರು 70 ಕೋಟಿ ವರ್ಷಗಳ ಅರ್ಧಾಯುಷ್ಯದಿಂದಲೂ ಸೀಸವಾಗಿ ಮಾರ್ಪಡುವುದರಿಂದ, ಒಂದೇ ಹರಳಿನೊಳಗೆ ಒಂದನ್ನೊಂದು ಪರೀಕ್ಷಿಸುವ ಎರಡು ಗಡಿಯಾರಗಳು ದೊರೆಯುತ್ತವೆ. ಆದರೆ ಈ ವಯಸ್ಸು ಹರಳಿನದು, ಮರಳುಗಲ್ಲಿನದಲ್ಲ. ಎಲ್ಲಿಯೋ ಇದ್ದ ಗ್ರಾನೈಟ್ ಸವೆದು, ಹೊಳೆಯಲ್ಲಿ ಹರಿದು ಬಂದ ಕಣವದು. ಆದ್ದರಿಂದ ಅತ್ಯಂತ ಕಿರಿಯ ಜಿರ್ಕಾನ್‌ಗಿಂತ ಕಲ್ಲು ಹಳೆಯದಾಗಿರಲಾರದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಇನ್ನೊಂದು ಕಡೆಯ ಮಿತಿಯನ್ನು, ಅಂದರೆ ಪದರಗಳು ಕನಿಷ್ಠ ಎಷ್ಟು ಹಳೆಯವೆಂಬುದನ್ನು, ಅವುಗಳನ್ನು ಸೀಳಿಕೊಂಡು ನುಗ್ಗಿದ ಅಗ್ನಿಶಿಲೆ ಕೊಡುತ್ತದೆ. ನಮ್ಮ ಭಾಗದ ಪದರಶಿಲೆಗಳು ಕೂಡಿದ ಹಳೆಯ ತಗ್ಗಾದ ಕಲಾದಗಿ ಜಲಾನಯನದಲ್ಲಿ, ಬಾಗಲಕೋಟೆ ಸಮೂಹವೆಂಬ ಕೆಳಗಿನ ಪದರಗಳೊಳಕ್ಕೆ ನುಗ್ಗಿರುವ ಮಲ್ಲಾಪುರದ ಅಂತಸ್ಸರಣ ಶಿಲೆಗೆ ಪೊಟ್ಯಾಸಿಯಂ ಕ್ಷಯಿಸಿ ಉಂಟಾಗುವ ಆರ್ಗಾನ್ ಅನಿಲವನ್ನು ಅಳೆಯುವ ವಿಧಾನದಿಂದ ಸುಮಾರು 115 ಕೋಟಿ ವರ್ಷ ಎಂದು ಗೊತ್ತಾಗಿದೆ. ಅಂದರೆ ಅದು ನುಗ್ಗಿದ ಪದರಗಳು ಅದಕ್ಕಿಂತ ಹಳೆಯವು. ಮಡಿಕೆಬಿದ್ದ ಆ ಪದರಗಳು ಸವೆದ ಮೇಲೆ ಬಹುತೇಕ ಸಮತಲವಾಗಿ ಹಾಸಿಕೊಂಡದ್ದು, ಗುಹೆಗಳ ಕೆಂಪು ಕಲ್ಲು ಸೇರಿರುವ ಬಾದಾಮಿ ಸಮೂಹ. ಆದ್ದರಿಂದ ಈ ಮಿತಿ ಕೆಳಗಿನ ಪದರಗಳದು, ಬಾದಾಮಿಯ ಕಲ್ಲಿಗೆ ನೇರವಾಗಿ ಅನ್ವಯಿಸದು.

ಇವೆರಡಕ್ಕಿಂತಲೂ ನನಗೆ ಹೆಚ್ಚು ಭರವಸೆಯಿರುವುದು ಯುರೇನಿಯಂ ಅನ್ನು ಒಳಗೊಳ್ಳುವ, ಜೆನೊಟೈಮ್ ಎಂಬ ಇಟ್ರಿಯಂ ಫಾಸ್ಫೇಟ್ ಖನಿಜದ ಮೇಲೆ. ಮರಳು ಹೂತುಹೋದ ಸ್ವಲ್ಪ ಕಾಲದಲ್ಲೇ, ಕಣಗಳ ನಡುವಿನ ನೀರಿನಿಂದ ಅದು ಜಿರ್ಕಾನ್‌ನ ಮೈಮೇಲೆ ಅಂಚುಗಟ್ಟಬಲ್ಲದು. ಎರಡರ ಹರಳಿನ ರಚನೆ ಒಂದೇ ಬಗೆಯದಾದ್ದರಿಂದ ಇದು ಸಾಧ್ಯ. ಹೊರಗಿನಿಂದ ಬಂದ ಕಣವಲ್ಲ, ಆ ಸ್ಥಳದಲ್ಲೇ ಬೆಳೆದದ್ದು. ಹಾಗಾಗಿ ಅದರ ವಯಸ್ಸು ಪದರ ಕೂಡಿದ ಕಾಲಕ್ಕೆ ಬಹಳ ಹತ್ತಿರವಿರಬಲ್ಲದು. ಅಯಾನು ಕಿರಣದಿಂದ, ಅಂದರೆ ವಿದ್ಯುದಾವೇಶವುಳ್ಳ ಕಣಗಳ ಸಣ್ಣ ಕಿರಣದಿಂದ, ಇಂಥ ಅಂಚುಗಳ ವಯಸ್ಸನ್ನು ಅಳೆಯುವ ವಿಧಾನವನ್ನು ಆಸ್ಟ್ರೇಲಿಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದರು.

ಈ ಅಂಚುಗಳು ಹಲವು ವೇಳೆ ಕೆಲವೇ ಮೈಕ್ರೋಮೀಟರ್ ದಪ್ಪವಿರುತ್ತವೆ. ಕಲ್ಲನ್ನು ಪುಡಿಮಾಡಿ ಜಿರ್ಕಾನ್ ಬೇರ್ಪಡಿಸುವ ರೂಢಿಯ ಕ್ರಮದಲ್ಲಿ ಅವು ಮುರಿದುಹೋಗುವ ಸಂಭವ ಹೆಚ್ಚು. ನಮ್ಮ ಭಾಗದ ಭೂವಿಜ್ಞಾನದ ವಿದ್ಯಾರ್ಥಿಗಳು ಮಾದರಿಯನ್ನು ಪುಡಿಮಾಡುವ ಮೊದಲು, ಅದರ ತೆಳುಸೀಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಪೂರ್ತಿ ಹುಡುಕಿ ನೋಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.