ಉಟ್ರೆಕ್ಟ್‌ನ ಹಳೇ ಕಾಲುವೆ: ನಾಲ್ಕು ಸಾಲಿನ ನಡಿಗೆ ನಕ್ಷೆ, ಇಲ್ಲಿಯವರೆಗಿನ ಕೆಲಸ

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಊರಿನ ನಡುವೆ ಹರಿಯುವ ಔದೆಗ್ರಾಖ್ಟ್ ಸುಮಾರು 2 ಕಿಲೋಮೀಟರ್ ಉದ್ದದ ಕಾಲುವೆ. ಹೆಸರಿನ ಅರ್ಥವೇ ಹಳೇ ಕಾಲುವೆ. ಅದರ ಗುಂಟ ಒಮ್ಮೆ ನಡೆದು "ನೋಡಿಯಾಯಿತು" ಎನ್ನುವವರು ಕಾಲು ಭಾಗ ಮಾತ್ರ ನೋಡಿರುತ್ತಾರೆ. ಇಲ್ಲಿ ಎರಡು ದಂಡೆ, ಪ್ರತಿ ದಂಡೆಗೂ ಎರಡು ಅಂತಸ್ತು. ಮೇಲೆ ಬೀದಿ, ಅಂಗಡಿ, ಸೈಕಲ್ಲು. ಒಂದು ಮಹಡಿಯಷ್ಟು ಕೆಳಗೆ ನೀರಿಗೆ ತಾಗಿದಂತೆ ಅಗಲವಾದ ಕಟ್ಟೆ. ಡಚ್ಚರು ಅದನ್ನು ವೆರ್ಫ್ ಅನ್ನುತ್ತಾರೆ. ಹಾಗಾಗಿ ನಕ್ಷೆಯಲ್ಲಿ ಒಂದು ಬೀದಿಗೆ ಒಂದು ಗೆರೆ ಎಳೆದರೆ ಸಾಲದು, ನಾಲ್ಕು ಗೆರೆ ಬೇಕು. ಪೂರ್ವ-ಮೇಲೆ, ಪೂರ್ವ-ಕೆಳಗೆ, ಪಶ್ಚಿಮ-ಮೇಲೆ, ಪಶ್ಚಿಮ-ಕೆಳಗೆ: ಕಡತದಲ್ಲಿ ಇವಕ್ಕೆ ಪೂಮೇ, ಪೂಕೆ, ಪಮೇ, ಪಕೆ ಎಂದೇ ಹೆಸರು.

ಈಗಿನ ಸ್ಥಿತಿ: ಮೇಲಿನ ಎರಡೂ ಸಾಲು ಪೂರ್ತಿ. ಪೂಕೆ ಉತ್ತರ ತುದಿಯಿಂದ ದೋಮ್ ಎಂಬ ದೊಡ್ಡ ಚರ್ಚಿನ ಗೋಪುರದ ಹತ್ತಿರದ ಸೇತುವೆಯವರೆಗೆ ಆಗಿದೆ. ಪಕೆ ಬರೀ ತುಂಡುತುಂಡು.

ಅಂತಸ್ತು ಎರಡು ಯಾಕೆ

ಊರಿಗೆ ನಗರದ ಹಕ್ಕು ಸಿಕ್ಕಿದ್ದು 1122ರ ಜೂನ್ 2ರಂದು. ಅದೇ ಕಾಲಕ್ಕೆ ರೈನ್ ನದಿಯ ಹಳೆಯ ಕವಲಾದ ಕ್ರೊಮ್ಮೆ ರೈನ್‌ಗೆ ಮೇಲ್ಭಾಗದಲ್ಲಿ ಅಡ್ಡಗಟ್ಟೆ ಬಿತ್ತು. ದೋಣಿ ಓಡಾಟ ನಿಲ್ಲಬಾರದೆಂದು ಕಾಲುವೆಯ ಕೆಲಸ ನಡೆಯಿತು. ಬೀದಿಯ ಮಟ್ಟ ಎತ್ತರ, ನೀರು ತುಂಬಾ ಕೆಳಗೆ. ಸರಕನ್ನು ಅಷ್ಟೆತ್ತರ ಹೊರುವ ಬದಲು ನೀರಿನ ಮಟ್ಟಕ್ಕೇ ಕಟ್ಟೆ ಕಟ್ಟಿ, ಅಲ್ಲಿಂದ ಬೀದಿಯ ಅಡಿಯಲ್ಲೇ ಮನೆಯವರೆಗೂ ನೆಲಮಾಳಿಗೆ ಕೊರೆದರು. ಇಂಥ ನೆಲಮಾಳಿಗೆಗಳು ಏಳುನೂರಕ್ಕೂ ಹೆಚ್ಚು. ಅಂದರೆ ಮೇಲೆ ನಡೆಯುವಾಗ ಕಾಲಡಿಯಲ್ಲಿರುವುದು ಗಟ್ಟಿ ನೆಲವಲ್ಲ, ಯಾರದೋ ಕಮಾನು ಚಾವಣಿ. ಭಾರಿ ಲಾರಿಗಳಿಗೆ ಇಲ್ಲಿ ತಡೆ ಇರುವುದು ಅದಕ್ಕೇ. ಹೋಟೆಲ್‌ಗಳಿಗೆ ಬಿಯರ್ ಪೀಪಾಯಿ ಇವತ್ತಿಗೂ ದೋಣಿಯಲ್ಲಿ ಬರುತ್ತದೆ. ದೋಣಿ ಮಾತ್ರ ವಿದ್ಯುತ್ತಿನದು.

ವಿಳಾಸದಲ್ಲೂ ಅಂತಸ್ತು ಬೇರೆ. ಬೀದಿ ಮಟ್ಟದ ಬಾಗಿಲಿಗೆ ಬರೀ "ಔದೆಗ್ರಾಖ್ಟ್" ಮತ್ತು ಸಂಖ್ಯೆ. ಕೆಳಗಿನ ಬಾಗಿಲಿಗೆ "ಔದೆಗ್ರಾಖ್ಟ್ ಆನ್ ಡೆ ವೆರ್ಫ್". ನಕ್ಷೆಯಲ್ಲಿ ಇದನ್ನು ಬಿಟ್ಟರೆ ಊಟಕ್ಕೆ ಹೊರಟವರು ಸರಿಯಾದ ಜಾಗದಲ್ಲೇ ನಿಂತು, ಹೋಟೆಲ್ ಕಾಣದೆ ಒದ್ದಾಡುತ್ತಾರೆ. ಅದು ಅವರ ಕಾಲ ಕೆಳಗೇ ಇರುತ್ತದೆ.

ಜಿಪಿಎಸ್ ಕೈಕೊಡುವ ಕಡೆ

ಫೋನಿನಲ್ಲಿ ದಾರಿ ದಾಖಲಿಸಿಕೊಂಡು ನಡೆದರೆ ಸಾಲು ಬರುತ್ತದೆ, ಆದರೆ ಯಾವ ಅಂತಸ್ತಿನದು ಎಂದು ಆಮೇಲೆ ಹೇಳಲಾಗದು. ಕಟ್ಟೆಗೂ ಬೀದಿಗೂ ಅಡ್ಡಲಾಗಿ ಕೆಲವೇ ಮೀಟರ್ ಅಂತರ. ಫೋನಿನ ತಪ್ಪು ಅಷ್ಟಕ್ಕೆ ಸುಲಭವಾಗಿ ಸಮನಾಗುತ್ತದೆ. ಎತ್ತರದ ಅಳತೆಯಲ್ಲಂತೂ ತಪ್ಪು ಇನ್ನೂ ಹೆಚ್ಚು. ಕಟ್ಟೆಯ ಮೇಲೆ ಒಂದು ಬದಿ ಗೋಡೆ, ಎದುರು ದಂಡೆಯಲ್ಲಿ ಮನೆಗಳ ಸಾಲು, ತಲೆಯ ಮೇಲೆ ಮರ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಗೆರೆ ಕಾಲುವೆಯ ನೀರಿನ ಮೇಲೆಯೇ ನಡೆದಂತೆ ಮೂಡುತ್ತದೆ.

ಇದಕ್ಕೆ ಒಗ್ಗಿದ ಉಪಾಯ: ಅಕ್ಷಾಂಶ-ರೇಖಾಂಶ ನಂಬದೆ ಎದುರು ದಂಡೆಯ ಮನೆ ಸಂಖ್ಯೆಯನ್ನು ಗುರುತಾಗಿ ಹಿಡಿಯುವುದು. ಪ್ರತಿ ನಮೂದಿಗೂ ನಾಲ್ಕು ಮಾಹಿತಿ ಸಾಕು: ಸಾಲು, ಹಿಂದಿನ ಸೇತುವೆ, ಎದುರಿನ ಮನೆ ಸಂಖ್ಯೆ, ಫೋಟೋ ಸಂಖ್ಯೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್‌ನೆಟ್ ನಕ್ಷೆಗೆ ಸೇರಿಸುವಾಗ ದಾಖಲಾದ ಗೆರೆಯನ್ನು ಹಾಗೇ ಏರಿಸಬಾರದು. ಕಟ್ಟೆಯನ್ನು ಬೇರೆ ದಾರಿಯಾಗಿ ಎಳೆದು, ಮೆಟ್ಟಿಲುಗಳನ್ನು ಮೆಟ್ಟಿಲೆಂದೇ ಗುರುತಿಸಿ ಎರಡನ್ನೂ ಅಲ್ಲಿ ಮಾತ್ರ ಜೋಡಿಸಬೇಕು. ಇಲ್ಲವಾದರೆ ದಾರಿ ತೋರಿಸುವ ಆ್ಯಪ್ ಗೋಡೆ ಹಾರಿ ಇಳಿಯಲು ಹೇಳುತ್ತದೆ.

ಕೆಳಗಿನ ಸಾಲು ಒಂದೇ ಎಳೆಯಾಗಿಯೂ ಸಿಗುವುದಿಲ್ಲ. ಕೆಲವು ಸೇತುವೆಗಳಡಿ ಕಟ್ಟೆ ನಿಂತೇಹೋಗುತ್ತದೆ. ಹತ್ತಿ, ಬೀದಿ ದಾಟಿ, ಮತ್ತೆ ಇಳಿಯಬೇಕು. ಕಟ್ಟೆಯ ಹಲವು ತುಂಡುಗಳು ಖಾಸಗಿ. ಗೋಡೆ ದುರಸ್ತಿ ನಡೆಯುವ ಕಡೆ ಬೇಲಿ. ಬೇಸಿಗೆಯ ಸಂಜೆ ಪುರಭವನದ ಸೇತುವೆಯ ಆಸುಪಾಸು ಹೋಟೆಲ್ ಮೇಜುಗಳ ನಡುವೆ ನುಸುಳಿಕೊಂಡು ಹೋಗಬೇಕು. ಆ ಹೊತ್ತಿಗೆ ದಕ್ಷಿಣದ ತ್ವೈನ್‌ಸ್ಟ್ರಾಟ್ ಬದಿ ಹಿಡಿಯುವುದು ಮೇಲು. ನೀರಿನ ಅಂಚಿಗೆ ಕಂಬಿ ಇಲ್ಲ, ಮಳೆ ಬಂದರೆ ಇಟ್ಟಿಗೆಯ ಮೇಲೆ ಪಾಚಿ ಜಾರುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಗೋಡೆಯ ಬದಿಗೇ ನಡೆಸಲಿ. ಬಹುತೇಕ ಕಡೆ ಇಳಿಯಲು ಮೆಟ್ಟಿಲೇ ಗತಿ, ಗಾಲಿಕುರ್ಚಿಗೆ ಮೇಲಿನ ಸಾಲುಗಳು ಮಾತ್ರ.

ಬೋದಿಗೆಗಳು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ, ಹಿಡಿದಷ್ಟಕ್ಕೆ ಫಲ ಕೊಡುವುದೂ ಇದೇ. ಬೀದಿಯ ಅಂಚಿನಲ್ಲಿ ದೀಪದ ಕಂಬಗಳಿವೆ. ಕಂಬದ ಬುಡ ಗೋಡೆಯಿಂದ ಹೊರಚಾಚಿದ ಕಲ್ಲಿನ ಮೇಲೆ ಕೂತಿದೆ. ನಮ್ಮ ದೇವಸ್ಥಾನದ ಕಂಬಗಳ ಬೋದಿಗೆಯ ಹಾಗೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ಕಲ್ಲುಗಳನ್ನು ಶಿಲ್ಪಿಗಳು ಒಂದೊಂದಾಗಿ ಕೆತ್ತಿದರು: ಕಸುಬುಗಳು, ಪ್ರಾಣಿಗಳು, ಊರಿನ ಕಥೆಗಳು. ಎಷ್ಟೋ ಕಡೆ ಕೆತ್ತನೆಗೂ ಅದರ ಮೇಲಿನ ಬೀದಿಗೆ ಸೇರಿದ ಹಳೆಯ ಕಥೆಗೂ ನಂಟು. ಒಟ್ಟು ಮುನ್ನೂರಕ್ಕೂ ಹೆಚ್ಚು.

ತಮಾಷೆ ಏನೆಂದರೆ, ಕಂಬದ ಪಕ್ಕದಲ್ಲೇ ನಿಂತವರಿಗೆ ಬೋದಿಗೆ ಕಾಣುವುದೇ ಇಲ್ಲ. ಅದರ ಮುಖ ನೀರಿನ ಕಡೆಗೆ. ಪಶ್ಚಿಮದ ಗೋಡೆಯ ಕೆತ್ತನೆ ನೋಡಲು ಪೂರ್ವದ ದಂಡೆಯಲ್ಲಿರಬೇಕು, ಪೂರ್ವದ್ದಕ್ಕೆ ಪಶ್ಚಿಮದಲ್ಲಿ. ಅಲ್ಲಿಗೆ ಬೆಳಕಿನ ಲೆಕ್ಕವೂ ಬಂತು. ಪಶ್ಚಿಮದ ಗೋಡೆ ಪೂರ್ವಕ್ಕೆ ಮುಖ ಮಾಡಿದ್ದರಿಂದ ಅದಕ್ಕೆ ಬೆಳಗಿನ ಬಿಸಿಲು. ಪೂರ್ವದ ಗೋಡೆಗೆ ಮಧ್ಯಾಹ್ನದ ನಂತರದ್ದು. ಕಾಲುವೆ ಬಳುಕುತ್ತಾ ಹೋಗುವುದರಿಂದ ತಿರುವುಗಳಲ್ಲಿ ಇದು ಅರ್ಧ-ಒಂದು ಗಂಟೆ ಹಿಂದೆಮುಂದೆ ಆಗುತ್ತದೆ.

ತಿಂಗಳೂ ಮುಖ್ಯ. ಊರು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ ದಿಗಂತದಿಂದ 14-15 ಡಿಗ್ರಿ ಮೇಲೇರಿದರೆ ಹೆಚ್ಚು. ಮನೆಗಳ ನೆರಳೇ ಕಾಲುವೆಯನ್ನು ತುಂಬಿಕೊಳ್ಳುತ್ತದೆ. ಜೂನ್‌ನಲ್ಲಿ 61 ಡಿಗ್ರಿ, ಬಿಸಿಲಿಗೇನೂ ಬರವಿಲ್ಲ, ಆದರೆ ಕಟ್ಟೆಯ ಮರಗಳು ಎಲೆ ತುಂಬಿ ಗೋಡೆಯನ್ನೇ ಮುಚ್ಚುತ್ತವೆ. ಚಿಗುರೊಡೆಯುವ ಮೊದಲಿನ ಮಾರ್ಚ್ ಕೊನೆ ಮತ್ತು ಎಲೆ ಉದುರಿದ ಮೇಲಿನ ದಿನಗಳೇ ಸರಿ. 8 ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ದುರ್ಬೀನು ಸಾಕು. ಫೋನಿನ ಜೂಮ್‌ನಲ್ಲಿ ಕಪ್ಪಾದ ಕಲ್ಲಿನ ಕೆತ್ತನೆ ಕಲಸಿಹೋಗುತ್ತದೆ. ಕ್ಯಾಮೆರಾ ಇದ್ದರೆ 200 ಮಿಲಿಮೀಟರ್ ಆಸುಪಾಸಿನ ಲೆನ್ಸ್ ಹಾಕಿ, ಬೆಳಕಿನ ಪ್ರಮಾಣವನ್ನು ಕೆತ್ತನೆಗೇ ಅಳೆಯಿರಿ. ನೀರಿನ ಹೊಳಪು ಸೇರಿಕೊಂಡರೆ ಗೋಡೆ ಮಸಿಯಾಗುತ್ತದೆ.

ಅಕ್ಷರಗಳ ಸಾಲು

ಕಾಲುವೆಯ ದಕ್ಷಿಣ ಭಾಗದಲ್ಲಿ, ಮೇಲಿನ ಬೀದಿಯ ನೆಲಗಲ್ಲುಗಳಲ್ಲಿ ಒಂದು ಕವಿತೆ ಬೆಳೆಯುತ್ತಿದೆ. ಪ್ರತಿ ಶನಿವಾರ ಮಧ್ಯಾಹ್ನ 1 ಗಂಟೆಗೆ ಕಲ್ಲುಕುಟಿಗರು ಒಂದೇ ಒಂದು ಅಕ್ಷರ ಸೇರಿಸುತ್ತಾರೆ. ಇದು ಆರಂಭವಾದದ್ದು 2012ರ ಜೂನ್ 2ರಂದು, ಊರಿನ ಹುಟ್ಟುಹಬ್ಬಕ್ಕೆ. ಆದರೆ ಎಣಿಕೆ 2000ದ ಜನವರಿ 1ರಿಂದ. ಅದೂ ಶನಿವಾರವೇ. ಹಾಗಾಗಿ ಕಳೆದ ವಾರಗಳ ಬಾಬ್ತು 648 ಅಕ್ಷರಗಳನ್ನು ಮುಂಚಿತವಾಗಿಯೇ ಹಾಸಿದ್ದರು.

ಯಾವ ಶನಿವಾರಕ್ಕೆ ಎಷ್ಟನೆಯ ಅಕ್ಷರ ಎಂದು ಕಂಡುಹಿಡಿಯುವುದು ಸುಲಭ: 2000ದ ಜನವರಿ 1ರಿಂದ ಆ ದಿನದವರೆಗೆ ಕಳೆದ ದಿನಗಳನ್ನು 7ರಿಂದ ಭಾಗಿಸಿ 1 ಕೂಡಿಸಿ. 2026ರ ಜನವರಿ 3ಕ್ಕೆ 9,499 ದಿನ. ಅಂದರೆ 1,358ನೆಯ ಅಕ್ಷರ. ನಕ್ಷೆಯಲ್ಲಿ ಸಾಲಿನ ಕೊನೆಯನ್ನು ಚುಕ್ಕಿಯಾಗಿ ಗುರುತಿಸಿದರೆ ಮುಂದಿನ ವಾರವೇ ಅದು ತಪ್ಪು. ಚುಕ್ಕಿಯ ಪಕ್ಕ ದಿನಾಂಕ ಬರೆಯುವುದೇ ಪರಿಹಾರ. ಕೆತ್ತನೆ ನೋಡಲು 10 ನಿಮಿಷ ಮುಂಚೆ ಹೋಗಿ, ಬೀದಿಯ ನಡುವೆ ಬಗ್ಗಿ ನಿಲ್ಲಬೇಡಿ. ಸೈಕಲ್ಲಿನವರು ಗಂಟೆ ಬಾರಿಸುತ್ತಾರೆಯೇ ಹೊರತು ನಿಧಾನಿಸುವುದಿಲ್ಲ.

ಪಕ್ಕದ ದಾರಿಗಳು

ದೋಮ್ ಚೌಕ ನಾಲ್ಕು ಸಾಲಿನ ಲೆಕ್ಕದಲ್ಲಿಲ್ಲ, ಆದರೂ ಬಿಡಲಾಗದು. 112 ಮೀಟರ್ ಎತ್ತರದ ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ, ನಡುವೆ ಬಯಲು. ರಾಜಗೋಪುರವನ್ನೂ ಗರ್ಭಗುಡಿಯನ್ನೂ ಉಳಿಸಿ ನವರಂಗವನ್ನು ಮಾತ್ರ ಎತ್ತಿಕೊಂಡು ಹೋದ ಹಾಗೆ. ಎತ್ತಿಕೊಂಡದ್ದು 1674ರ ಆಗಸ್ಟ್ 1ರ ಬಿರುಗಾಳಿ. ಬಿದ್ದ ಭಾಗದ ಗೋಡೆ, ಕಂಬಗಳ ಜಾಗವನ್ನು ಚೌಕದ ನೆಲದಲ್ಲಿ ಬೇರೆ ಬಣ್ಣದ ಕಲ್ಲಿನಿಂದ ತೋರಿಸಿದ್ದಾರೆ; ಹಾಸಿದ ಆ ನಕ್ಷೆಯ ಮೇಲೆ ನಡೆದು ನೋಡಿ, ಅಳತೆ ಕಾಲಿಗೆ ಗೊತ್ತಾಗುತ್ತದೆ. ಗೋಪುರಕ್ಕೆ 465 ಮೆಟ್ಟಿಲು, ಮಾರ್ಗದರ್ಶಿಯ ಜೊತೆ ಮಾತ್ರ, ಸಮಯ ನಿಗದಿಯಾದ ಟಿಕೆಟ್. ಬೆಳಗಿನ ಬಿಸಿಲು ಬೋದಿಗೆಗೆ ಬೇಕಿರುವುದರಿಂದ ಗೋಪುರವನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಜಾಣತನ.

ಎಲಿಗೆನ್‌ಸ್ಟ್ರಾಟ್ ಮೂಲೆಯಲ್ಲಿ ಗೋಡೆಗೆ ಸರಪಳಿ ಹಾಕಿ ಕಟ್ಟಿದ ಒಂದು ದೊಡ್ಡ ಗುಂಡುಕಲ್ಲಿದೆ. ದೆವ್ವ ರಾತ್ರಿ ಅದನ್ನು ಉರುಳಿಸಿ ಆಡುತ್ತದೆಂದು 1520ರಲ್ಲೇ ಕಟ್ಟಿಹಾಕಿದರಂತೆ. ಪಮೇ, ಪೂಮೇ ಎರಡರಲ್ಲೂ ನಮೂದಾಗಿ ಹೋಗಿತ್ತು, ಒಂದನ್ನು ಅಳಿಸಿದೆ.

ಬಾಕಿ

ಪೂಕೆಯ ದಕ್ಷಿಣಾರ್ಧವನ್ನು ಬೆಳಗ್ಗೆ, ಪಕೆಯನ್ನು ಮಧ್ಯಾಹ್ನದ ನಂತರ ಮುಗಿಸಬೇಕು. ನಾಲ್ಕು ಸಾಲಿಗೆ 8 ಕಿಲೋಮೀಟರ್, ಹತ್ತಿಳಿಯುವುದು ಬೇರೆ, ಒಂದೇ ದಿನಕ್ಕೆ ತುರುಕಿದರೆ ಕೊನೆಯ ಫೋಟೋಗಳೆಲ್ಲ ಅಲುಗಿರುತ್ತವೆ. ಉತ್ತರ ತುದಿಯ ವೇರ್ಡ್‌ಸ್ಲೌಸ್ ಎಂಬ ಲಾಕ್ ಗೇಟಿನ ನಮೂದು ವಸಂತಕ್ಕೆ ಕಾದಿದೆ. 2021ರಿಂದ ಅಲ್ಲಿ ನೀರಿನಡಿ ಕ್ಯಾಮೆರಾ ಇದೆ: ಮೊಟ್ಟೆಯಿಡಲು ಹೊರಟ ಮೀನು ಗೇಟಿನ ಮುಂದೆ ಬಂದು ನಿಂತರೆ, ಮನೆಯಲ್ಲಿ ಕೂತು ನೋಡುವವರು ಇಂಟರ್‌ನೆಟ್‌ನಲ್ಲೇ ಗಂಟೆ ಒತ್ತುತ್ತಾರೆ, ಗೇಟಿನವರು ಬಾಗಿಲು ತೆಗೆಯುತ್ತಾರೆ. ಇದನ್ನು ಯಾವ ಸಾಲಿಗೆ ಸೇರಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಕಡತದಲ್ಲಿ "ನೀರೊಳಗೆ" ಎಂದು ಐದನೆಯ ಕಾಲಂ ತೆರೆದಿದೆ.