ಡೀಸೆಲ್ ಗಾಡಿ ಮೈಲೇಜ್ ಬಿದ್ದುಹೋಗಿದೆ, ಯಾವ ಪಾರ್ಟ್ ಹಾಕಿಸಲಿ?

ಯಾವುದನ್ನೂ ಹಾಕಿಸಬೇಡಿ. ಸದ್ಯಕ್ಕೆ ಇಷ್ಟೇ ನನ್ನ ಉತ್ತರ.

ಫೋನಿನಲ್ಲಿ, ದಾರಿಯಲ್ಲಿ ಸಿಕ್ಕಾಗ, ಯಾರದ್ದೋ ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಈ ಪ್ರಶ್ನೆ ಬರುತ್ತದೆ. ವಿಷಯ ನನಗೆ ಇಷ್ಟವೇ. ಡೀಸೆಲ್ ಇಂಜಿನ್ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಆದರೆ ಕೇಳುವ ರೀತಿ ಇದೆಯಲ್ಲ, ಅದು ಸಿಟ್ಟು ಬರಿಸುತ್ತದೆ. "ಏನಾಗಿರಬಹುದು" ಅಂತ ಯಾರೂ ಕೇಳುವುದಿಲ್ಲ. "ಏನು ಹಾಕಿಸಲಿ" ಅಂತಲೇ ಕೇಳುತ್ತಾರೆ. ಜ್ವರ ಬಂದವರು ಡಾಕ್ಟರ ಮುಂದೆ ಕೂತು "ಯಾವ ಆಪರೇಷನ್ ಮಾಡಿಸಲಿ" ಅಂದ ಹಾಗೆ.

ಮೊದಲು ಎಷ್ಟು ಕೊಡುತ್ತಿತ್ತು ಅಂತ ನಾನು ಕೇಳಿದರೆ "20, 22 ಕೊಡ್ತಿತ್ತು" ಅನ್ನುತ್ತಾರೆ. ಈಗ? "16 ಇರಬಹುದು." ಅಳೆದಿದ್ದು ಹೇಗೆ? "ಮುಂದೆ ತೋರಿಸುತ್ತಲ್ಲ!"

ಮುಂದೆ ತೋರಿಸುವುದು ಅಂದಾಜು. ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಇಷ್ಟು ಬಿಡು ಅಂತ ಗಾಡಿಯ ಕಂಪ್ಯೂಟರ್ ಹೇಳುತ್ತದೆ. ತಾನು ಹೇಳಿದ್ದನ್ನೇ ಕೂಡಿ ಲೆಕ್ಕ ಕೊಡುತ್ತದೆ. ಸವೆದ ಇಂಜೆಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ಬಿಟ್ಟರೆ ಆ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಹಾಗಾಗಿ ಟ್ಯಾಂಕ್ ಫುಲ್ ಮಾಡಿಸಿ. ನಳಿಕೆ ಮೊದಲ ಸಲ ತಾನಾಗಿ ನಿಂತಾಗ ಸಾಕು ಅನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಪಾಲು ಖಾಲಿಯಾದ ಮೇಲೆ ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಮತ್ತೆ ಹಾಗೇ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡಿ. ಒಂದು ಸಲದ ಲೆಕ್ಕವನ್ನು ನಂಬಬೇಡಿ.

ಅಳತೆಯಲ್ಲೇ ಮೋಸ ಹೋಗುವ ಇನ್ನೊಂದು ಜಾಗ ಟೈರು. ಹೊಸ ಟೈರ್ ಹಾಕಿಸಿದ ವಾರದಲ್ಲೇ ಮೈಲೇಜ್ ಇಳಿಯಿತು ಅಂತ ತುಂಬಾ ಜನ ಹೇಳುತ್ತಾರೆ. ಇಳಿದಿರುತ್ತದೆ, ಸ್ವಲ್ಪ ನಿಜವಾಗಿ, ಸ್ವಲ್ಪ ಲೆಕ್ಕದಲ್ಲಿ. ಹೊಸ ಟೈರಿನ ದಪ್ಪ ರಬ್ಬರ್ ಉರುಳುವಾಗ ಜಾಸ್ತಿ ತಡೆಯುತ್ತದೆ, ಇದು ನಿಜವಾದ ನಷ್ಟ. ಹಳೆ ಟೈರಿನ ಮೇಲಿನ ಗೆರೆಗಳ ಆಳ 2 ಮಿ.ಮೀ. ಉಳಿದಿತ್ತು, ಹೊಸದರಲ್ಲಿ 8 ಮಿ.ಮೀ. ಇದೆ ಅಂದುಕೊಳ್ಳಿ. ಚಕ್ರ ಅಷ್ಟು ದೊಡ್ಡದಾಯಿತು. ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರ್ ಎಣಿಸುವುದು ಸುತ್ತುಗಳನ್ನು. ಅಲ್ಲೇ ನೂರಕ್ಕೆ ಎರಡರಷ್ಟು ಕಿಲೋಮೀಟರ್ ಮಾಯ. ಅದಕ್ಕೆ ಇಂಜಿನ್ ಬಿಚ್ಚಿಸುವವರಿದ್ದಾರೆ.

ಇಷ್ಟು ಖಾರವಾಗಿ ಯಾಕೆ ಹೇಳುತ್ತೀರಿ ಅಂದರೆ, ನಮ್ಮ ಭಾವನವರ ಗಾಡಿಯಿಂದಾಗಿ.

ಅವರ ಗಾಡಿ 18 ಕೊಡುತ್ತಿದ್ದದ್ದು 15ಕ್ಕೆ ಇಳಿದಿತ್ತು. ನನ್ನ ಹತ್ತಿರ ಬರುವ ಹೊತ್ತಿಗೆ ಏರ್ ಫಿಲ್ಟರ್ ಬದಲಾಗಿತ್ತು. ಟ್ಯಾಂಕಿಗೆ ಯಾವುದೋ ಬಾಟಲಿ ಸುರಿದಾಗಿತ್ತು. ನಾಲ್ಕು ಇಂಜೆಕ್ಟರನ್ನೂ ಬಿಚ್ಚಿ ಕ್ಲೀನ್ ಮಾಡಿಸಿದ್ದರು. ಮೈಲೇಜ್ 15ರಲ್ಲೇ ಕೂತಿತ್ತು. "ಇನ್ನು ಟರ್ಬೊ ಒಂದು ಉಳಿದಿದೆ, ಹಾಕಿಸಿಬಿಡಲಾ?" ಅಂದರು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು ಅದು.

"ಭಾವ, ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತೆ?" ಅಂತ ಕೇಳಿದೆ.

"ಅದು ಯಾವಾಗಲೂ ಕೆಳಗೇ ಇರುತ್ತಪ್ಪ. ಒಳ್ಳೇದೇ ಅಲ್ವಾ? ಇಂಜಿನ್ ತಣ್ಣಗಿದೆ."

ನಾನು ಸುಮ್ನೆ ಕೀ ತೆಗೆದುಕೊಂಡೆ. ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಸ್ಕ್ಯಾನರ್ ಸಿಕ್ಕಿಸಿ ಇಬ್ಬರೂ 40 ನಿಮಿಷ ಓಡಾಡಿದೆವು. ಹೆದ್ದಾರಿಯಲ್ಲಿ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರು, 62 ಡಿಗ್ರಿ. ಸಿಗ್ನಲ್ಲಿನಲ್ಲಿ ನಿಂತರೆ ಮೆಲ್ಲಗೆ ಏರುತ್ತದೆ, ಮತ್ತೆ ಹೊರಟರೆ ಇಳಿಯುತ್ತದೆ. ಅದು 90ರ ಆಸುಪಾಸಿನಲ್ಲಿ ಅಲ್ಲಾಡದೆ ನಿಲ್ಲಬೇಕಿತ್ತು. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ತೆರೆದ ಬಾಯಿ ಮುಚ್ಚದೆ ಹಾಗೇ ಸಿಕ್ಕಿಕೊಂಡಿತ್ತು. ಇಂಜಿನ್ ಬಿಸಿಯಾಗುವ ಮೊದಲೇ ನೀರೆಲ್ಲ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತಿತ್ತು.

ತಣ್ಣಗಿರುವ ಇಂಜಿನ್ ಒಳ್ಳೆಯದಲ್ಲ. ಡೀಸೆಲ್ ಹೊತ್ತಿಕೊಳ್ಳುವುದೇ ಬಿಸಿಯಿಂದ, ಕಿಡಿಯಿಂದಲ್ಲ. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆ ಬಿಸಿ ಗೋಡೆಗೆ ಹೋಗುತ್ತದೆ. ಆಯಿಲ್ ಗಟ್ಟಿಯಾಗಿ ಎಳೆಯುತ್ತದೆ. ಕಂಪ್ಯೂಟರ್ ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಹಾಗೇ ನಡೆಸುತ್ತದೆ. ಭಾವನವರ ಗಾಡಿಯಲ್ಲಿ ಡಿಪಿಎಫ್ ಕೂಡ ಇತ್ತು. ಸೈಲೆನ್ಸರ್ ದಾರಿಯಲ್ಲಿ ಕೂತು ಮಸಿ ಹಿಡಿಯುವ ಜಾಲರಿ ಅದು. ತುಂಬಿದಾಗ ಆ ಮಸಿಯನ್ನು ಸುಡಬೇಕು. ಅದಕ್ಕೆ 600 ಡಿಗ್ರಿಯಷ್ಟು ಬಿಸಿ ಬೇಕು, ಆ ಬಿಸಿಗಾಗಿ ಗಾಡಿ ಜಾಸ್ತಿ ಡೀಸೆಲ್ ಬಿಡುತ್ತದೆ. ಇಂಜಿನ್ನೇ ಕಾಯದಿದ್ದರೆ ಆ ಕೆಲಸ ಮುಗಿಯುವುದಿಲ್ಲ. ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಸುಡದೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಭಾವ ಅದನ್ನು ನೋಡಿದ್ದರಂತೆ. ಆಯಿಲ್ ಕಡಿಮೆಯಾಗಿಲ್ಲವಲ್ಲ ಅಂತ ಸಮಾಧಾನಪಟ್ಟಿದ್ದರಂತೆ.

ಥರ್ಮೋಸ್ಟ್ಯಾಟ್ ಬದಲಾಯಿತು, ಆಯಿಲ್ ಬದಲಾಯಿತು. ಮುಂದಿನ ಮೂರು ಟ್ಯಾಂಕಿನ ಸರಾಸರಿ 17.6. ಇಂಜೆಕ್ಟರುಗಳನ್ನು ಸುಮ್ಮನೆ ಬಿಚ್ಚಿಸಿದ್ದು. ಅವು ಕೆಟ್ಟಿವೆಯೋ ಇಲ್ಲವೋ ನೋಡಲು ದಾರಿಯಿದೆ. ಮಿಕ್ಕ ಡೀಸೆಲ್ ವಾಪಸ್ ಹೋಗುವ ನಾಲ್ಕರ ರಿಟರ್ನ್ ಪೈಪನ್ನೂ ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಇಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಮಿಕ್ಕವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಅವರ ಗಾಡಿಗೆ ಇದನ್ನು ಯಾರೂ ಮಾಡಿರಲಿಲ್ಲ.

ಎಲ್ಲರ ಗಾಡಿಯಲ್ಲೂ ಥರ್ಮೋಸ್ಟ್ಯಾಟೇ ಕೆಟ್ಟಿರುತ್ತದೆ ಅಂತ ನಾನು ಹೇಳುತ್ತಿಲ್ಲ. ಇದನ್ನು ಓದಿ ನಾಳೆ ಅದನ್ನೇ ಹಾಕಿಸಿಕೊಂಡು ಬರಬೇಡಿ, ದಯವಿಟ್ಟು. ಗಾಡಿ ತಾನೇ ಗುರುತು ಕೊಡುತ್ತದೆ. ಕಪ್ಪು ಹೊಗೆ ಬಂದು ಪಿಕಪ್ಪೂ ಹೋಗಿದ್ದರೆ ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪ್ ಸೀಳಿದೆಯಾ, ಹೊಗೆಯನ್ನು ಸ್ವಲ್ಪ ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ತೆರೆದೇ ನಿಂತಿದೆಯಾ ನೋಡಿ. ಎಕ್ಸಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್. ಹೊಗೆಯಿಲ್ಲ, ಆದರೆ ಗಾಡಿ ಭಾರ ಅನ್ನಿಸುತ್ತದೆ ಅಂದರೆ ಬ್ರೇಕ್ ಹಿಡಿದುಕೊಂಡಿರಬಹುದು. ಹೆಚ್ಚು ಬ್ರೇಕ್ ಒತ್ತದೆ 20 ಕಿ.ಮೀ. ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದರಿಂದ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲೇ ಇದೆ ನಿಮ್ಮ ಡೀಸೆಲ್. ಯಾವ ಗುರುತೂ ಇಲ್ಲವಾದರೆ ಗಾಡಿಯನ್ನು ಬಿಟ್ಟು ಓಡಾಟವನ್ನು ನೋಡಿ. 80ರಲ್ಲಿ ಹೋಗುತ್ತಿದ್ದವರು 110ರಲ್ಲಿ ಹೋದರೆ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಇಂಜಿನ್ ಕಾಯುವ ಮೊದಲೇ ಮುಗಿದುಹೋಗುವ ಸಣ್ಣ ಓಡಾಟವೂ ಹಾಗೇ ಡೀಸೆಲ್ ಕುಡಿಯುತ್ತದೆ.

ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಎಷ್ಟೋ ವರ್ಷದಿಂದ ಕಾಯುತ್ತಿದ್ದೇನೆ. "ಗಾಡಿ ಈಗ ಚೆನ್ನಾಗಿದೆ. ಈಗ ಏನು ಬರೆದಿಟ್ಟುಕೊಳ್ಳಲಿ?" ಚೆನ್ನಾಗಿರುವಾಗ ಯಾರೂ ಬರುವುದಿಲ್ಲ. ಕಡಿಮೆಯಾಯಿತು ಅನ್ನಬೇಕಾದರೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲದವರಿಗೆ ನಾನು ಏನು ಹೇಳಿದರೂ ಊಹೆಯೇ.

ಒಂದು ಸಣ್ಣ ಪುಸ್ತಕ ಗಾಡಿಯಲ್ಲಿಡಿ. ಪ್ರತಿ ಸಲ ಫುಲ್ ಮಾಡಿಸಿದಾಗ ಕಿಲೋಮೀಟರ್, ಲೀಟರ್ ಬರೆಯಿರಿ. ಟೈರಿನ ಗಾಳಿ ಎಷ್ಟಿತ್ತು, ಮುಳ್ಳು ಎಲ್ಲಿ ನಿಂತಿತ್ತು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಎಲ್ಲಿತ್ತು ಅಂತ ತಿಂಗಳಿಗೊಮ್ಮೆ ಬರೆಯಿರಿ. ಟೈರು, ಆಯಿಲ್, ಬ್ರೇಕ್ ಏನೇ ಬದಲಾದರೂ ದಿನ ಹಾಕಿ ಬರೆಯಿರಿ. ಮೈಲೇಜ್ ಬಿದ್ದ ದಿನ ಆ ಪುಸ್ತಕ ಹಿಡಿದುಕೊಂಡು ಬನ್ನಿ. ಆಗ ಎಷ್ಟು ಹೊತ್ತಾದರೂ ನಿಮ್ಮ ಜೊತೆ ಕೂರುತ್ತೇನೆ.